ಕೋಡಿ ದಾಟುವ ಮೀನು

ಕಿಸುಮು,
ಶನಿವಾರ ರಾತ್ರಿ

ಪ್ರೀತಿಯ ತಮ್ಮಾ,

ಮಂಗಳವಾರ ನೀನು ಫೋನು ಮಾಡಿದಾಗ ನಾನು ಸರಿಯಾಗಿ ಮಾತಾಡಲಿಲ್ಲ. ‘ಕೆರೆ ನಮಗೇ ಆಯ್ತು ಅಕ್ಕಾ, ಐದು ವರ್ಷಕ್ಕೆ!’ ಎಂದು ನೀನು ಕುಣಿಯುವ ದನಿಯಲ್ಲಿ ಹೇಳುತ್ತಿದ್ದೆ. ನಾನು ಒಲೆ ಮೇಲೆ ಅನ್ನ ಇದೆ ಎಂದು ನೆಪ ಹೇಳಿ ಇಟ್ಟುಬಿಟ್ಟೆ. ಅನ್ನ ಆಗಲೇ ಬೆಂದು ಬಸಿದಾಗಿತ್ತು. ನಿನ್ನ ಕೊನೆಯ ಮಾತು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ‘ಕ್ಯಾಟ್‌ಫಿಶ್ ಮರಿ ಬಿಡ್ತೀವಿ, ಆಫ್ರಿಕಾದ್ದು. ನಿಮ್ಮ ಕಡೇ ಮೀನೇ ಅಲ್ವಾ?’ ಅಂದೆಯಲ್ಲ, ಆ ಮಾತು.

ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀ, ನಾನು ಅಕ್ಕನ ಗತ್ತು ತೋರಿಸುತ್ತೇನೆ, ಇಬ್ಬರಿಗೂ ಸಿಟ್ಟು ಬರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು. ಓದಿ ಎರಡು ದಿನ ಸುಮ್ಮನಿರು. ಆಮೇಲೆ ಬಯ್ಯುವುದಿದ್ದರೆ ಬಯ್ಯಿ.

ಹೌದು ಮಾರಾಯ, ಅದು ನಮ್ಮ ಕಡೆಯ ಮೀನೇ. ಇಲ್ಲಿನ ಲುವೋ ಜನ ಅದಕ್ಕೆ ಮುಮಿ ಅನ್ನುತ್ತಾರೆ. ಮೊನ್ನೆ ಗುರುವಾರ ಡುಂಗಾ ಕಡಲಿಗೆ ಹೋಗಿದ್ದೆ, ಅದನ್ನೇ ನೋಡಬೇಕೆಂದು. (ನೋಡು, ಹನ್ನೊಂದು ವರ್ಷದಿಂದ ಇದರ ದಂಡೆಯಲ್ಲಿದ್ದರೂ ಕಡಲು ಎಂದೇ ಬಾಯಿಗೆ ಬರುತ್ತದೆ. ಆಚೆ ದಡ ಕಾಣುವುದಿಲ್ಲ, ಅಲೆ ಏಳುತ್ತದೆ, ನಾನೇನು ಮಾಡಲಿ.) ಮೀನು ಮಾರುವ ಅಜ್ಜಿಯೊಬ್ಬಳ ಬುಟ್ಟಿಯಲ್ಲಿ ಎರಡು ಮುಮಿ ಇದ್ದವು. ಚಪ್ಪಟೆ ತಲೆ, ಉದ್ದ ಮೀಸೆ, ಚಿಪ್ಪಿಲ್ಲದ ನುಣುಪು ಮೈ. ನೀರಿಂದ ತೆಗೆದು ಎಷ್ಟೋ ಹೊತ್ತಾಗಿದ್ದರೂ ಬಾಯಿ ಆಡಿಸುತ್ತಿದ್ದವು. ನಮ್ಮ ಮುರುಗೋಡನ್ನೇ ಯಾರೋ ಊದಿ ದೊಡ್ಡದು ಮಾಡಿದ ಹಾಗೆ. ಮಳೆ ಬಿದ್ದು ಹೊಳೆ ಕೆಂಪಾದಾಗ ಇವೂ ನಮ್ಮ ಹತ್ತುಮೀನಿನಂತೆಯೇ ಮೇಲೇರಿ ಹೋಗಿ, ಮುಳುಗಿದ ಹುಲ್ಲಿನ ನಡುವೆ ಮೊಟ್ಟೆ ಇಡುತ್ತವಂತೆ. ಇಲ್ಲಿ ಅದಕ್ಕೆ ಅದರದೇ ಸ್ಥಾನವಿದೆ. ಅದರ ಮರಿ ತಿನ್ನಲು ಹಕ್ಕಿಗಳಿವೆ, ನೀರುನಾಯಿ ಇದೆ, ಮೊಸಳೆ ಇದೆ, ಅದಕ್ಕಿಂತ ಹಳೆಯ ಕಮೊಂಗೊ ಎಂಬ ಶ್ವಾಸಕೋಶದ ಮೀನು ಇದೆ. ಲಕ್ಷಾಂತರ ವರ್ಷ ಒಬ್ಬರನ್ನೊಬ್ಬರು ತಿಂದು, ತಪ್ಪಿಸಿಕೊಂಡು, ಒಂದು ಹದಕ್ಕೆ ಬಂದಿವೆ. ಆ ಬುಟ್ಟಿಯ ಮುಂದೆ ನಿಂತಾಗ ನನಗೆ ಮುಮಿಯ ಮೇಲೆ ಸಿಟ್ಟೇನೂ ಬರಲಿಲ್ಲ. ಹೆದರಿಕೆಯಾದದ್ದು ಅದರ ಮರಿಗಳು ಪ್ಲಾಸ್ಟಿಕ್ ಚೀಲದಲ್ಲಿ ಕೂತು ನಮ್ಮ ಸೊರಬಕ್ಕೆ ಬಸ್ಸು ಹತ್ತುವ ಚಿತ್ರ ಕಣ್ಣಿಗೆ ಬಂದಾಗ.

ನಿನಗೆ ನೆನಪಿದೆಯಾ, ಅಪ್ಪ ಮಳೆಗಾಲದಲ್ಲಿ ನಮ್ಮಿಬ್ಬರನ್ನೂ ಏರಿ ಮೇಲೆ ಕರೆದುಕೊಂಡು ಹೋಗಿ ಕೊರವನ ಮರಿ ತೋರಿಸಿದ್ದು? ನಿನಗೆ ಆರೋ ಏಳೋ ವರ್ಷ. ತೂಬಿನ ಹತ್ತಿರ ನೀರಿನ ಮೇಲೆ ಕುಂಕುಮ ಚೆಲ್ಲಿದಂತೆ ಒಂದು ಕೆಂಪು ಮುದ್ದೆ ಮೇಲೆ ಬರುತ್ತಿತ್ತು, ಗುಳುಗುಳು ಎಂದು ಮತ್ತೆ ಮುಳುಗುತ್ತಿತ್ತು. ಸಾವಿರಾರು ಮರಿ. ಅವುಗಳ ಅಡಿಯಲ್ಲೇ ದೊಡ್ಡ ಕೊರವ ನೆರಳಿನ ಹಾಗೆ ಸುತ್ತುತ್ತಿತ್ತು. ನೀನು ಕಲ್ಲು ಎತ್ತಿಕೊಂಡೆ. ಅಪ್ಪ ನಿನ್ನ ಕೈ ಹಿಡಿದು, ‘ಮರಿ ಸಾಕೋ ಮೀನನ್ನ ಮುಟ್ಟಬಾರದು. ಅದನ್ನ ಹಿಡಿದ್ರೆ ಒಂದು ಮೀನು ಹಿಡಿದ ಹಾಗಲ್ಲ, ಕೆಳಗಿರೋ ಅಷ್ಟನ್ನೂ ಕೊಂದ ಹಾಗೆ’ ಅಂದಿದ್ದರು. ಗಾಳ ಹಾಕಿದಾಗ ಅಂಥ ಕೊರವ ಸಿಕ್ಕರೂ ಬಿಟ್ಟುಬಿಡುತ್ತಿದ್ದರು. ಯಾವ ಶಾಲೆಯಲ್ಲೂ ಕಲಿತದ್ದಲ್ಲ ಅದು.

ಮತ್ತೆ ಬೇಸಿಗೆಯಲ್ಲಿ ಕೆರೆಬೇಟೆ. ನೀರು ಸೊಂಟಕ್ಕಿಳಿದು ಊರೂರಿಂದ ಜನ ಬಿದಿರಿನ ಕೂಣಿ ಹೊತ್ತು ಬಂದು ಏರಿಯ ಮೇಲೆ ಸಾಲಾಗಿ ನಿಲ್ಲುತ್ತಿದ್ದರಲ್ಲ, ಆ ಕಾಯುವ ಗಳಿಗೆಯೇ ನನಗೆ ಬೇಟೆಗಿಂತ ಹೆಚ್ಚು ನೆನಪು. ಕೂಗು ಬಿದ್ದದ್ದೇ ತಡ, ಕೆರೆಯೆಲ್ಲ ಕೆಸರು, ಕೇಕೆ. ಅಪ್ಪ ಕೂಣಿ ಊರಿ ಮೇಲಿಂದ ಕೈ ತೂರಿಸಿ, ಕಣ್ಣು ಮುಚ್ಚಿ, ಬೆರಳಿನಲ್ಲೇ ಹೇಳುತ್ತಿದ್ದರು: ಇದು ಮುರುಗೋಡು, ಇದು ಗಿರ್ಲು, ಇದು ಕೊರವ, ಇದಕ್ಕೆ ಕೈ ಹಾಕಬೇಡ, ಚೇಳುಮೀನು, ಕುತ್ತುತ್ತದೆ. ಅಷ್ಟು ಬಗೆ ಒಂದೇ ಕೆಸರಿನಲ್ಲಿ. ನನಗೆ ಆಗ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಅನ್ನಿಸಿತು.

ಈಗ ಈ ಕಡಲಿನ ಕಥೆ ಕೇಳು. ನಕ್ಷೆಯಲ್ಲಿ ಇದು ವಿಕ್ಟೋರಿಯಾ ಸರೋವರ. ಲುವೋ ಜನಕ್ಕೆ ನಾಮ್ ಲೋಲ್ವೆ. ವಿಸ್ತೀರ್ಣ ಸುಮಾರು 68,800 ಚದರ ಕಿಲೋಮೀಟರ್, ಅಂದರೆ ನಮ್ಮ ಇಡೀ ಕರ್ನಾಟಕದ ಮೂರನೇ ಒಂದು ಪಾಲಿಗಿಂತ ಹೆಚ್ಚು. ಕೀನ್ಯಾ, ಉಗಾಂಡಾ, ತಾಂಜಾನಿಯಾ ಮೂರೂ ದೇಶ ಇದರ ದಂಡೆಯಲ್ಲಿ ಕೂತಿವೆ. ಇಷ್ಟು ದೊಡ್ಡದಾದರೂ ಆಳ ಹೆಚ್ಚಿಲ್ಲ, ಎಲ್ಲೂ ನೂರು ಮೀಟರ್ ಕೂಡ ಇಲ್ಲ. ಸುಮಾರು 15,000 ವರ್ಷಗಳ ಹಿಂದೆ ಇದು ಒಣಗಿ ಬಯಲಾಗಿತ್ತು ಎನ್ನುತ್ತಾರೆ ಭೂವಿಜ್ಞಾನಿಗಳು. ಮತ್ತೆ ನೀರು ತುಂಬಿದ ಮೇಲೆ ಇದರಲ್ಲಿ ಒಂದು ಅದ್ಭುತ ನಡೆಯಿತು. ಬೆರಳುದ್ದ, ಗೇಣುದ್ದದ ಸಿಕ್ಲಿಡ್ ಜಾತಿಯ ಮೀನುಗಳು ಕವಲೊಡೆದು ಕವಲೊಡೆದು ಸುಮಾರು 500 ಬಗೆಯಾದವು. ಕಲ್ಲಿನ ಪಾಚಿ ಕೆರೆಯುವುದೊಂದು, ಬಸವನಹುಳು ಒಡೆಯುವುದೊಂದು, ತಳದ ಕೊಳೆ ತಿನ್ನುವುದೊಂದು, ಬೇರೆ ಮೀನಿನ ಚಿಪ್ಪು ಕಿತ್ತು ತಿನ್ನುವುದೊಂದು, ಇನ್ನೊಂದು ತಾಯಿಯ ಬಾಯಿಂದ ಮರಿಗಳನ್ನೇ ಕಕ್ಕಿಸಿ ತಿನ್ನುವುದು! ಹೌದು, ಅವುಗಳಲ್ಲಿ ಬಹಳಷ್ಟು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತವೆ. ಗಂಡುಗಳಿಗೆ ಕೆಂಪು, ಹಳದಿ, ನೀಲಿ ಬಣ್ಣ. ಇಲ್ಲಿಯ ಜನ ಎಲ್ಲವನ್ನೂ ಸೇರಿಸಿ ಫುಲು ಎನ್ನುತ್ತಾರೆ, ನಾವು ಸಣ್ಣದನ್ನೆಲ್ಲ ಸಸಲು ಅಂದಂತೆ.

ಇಂಥ ಕೆರೆಗೆ ಏನು ಕೊರತೆ ಎಂದು ನಿನಗೆ ಅನ್ನಿಸಬಹುದು. ಬ್ರಿಟಿಷ್ ಅಧಿಕಾರಿಗಳಿಗೆ ಕೊರತೆ ಕಂಡಿತು. ಅವರೇ ತಂದ ಬಲೆಗಳಿಂದ ನ್ಗೆಗೆ ಎಂಬ ಇಲ್ಲಿನ ರುಚಿಯಾದ ತಿಲಾಪಿಯಾ ಆಗಲೇ ಕಮ್ಮಿಯಾಗಿತ್ತು. ಹೊಳೆಗೆ ಹತ್ತಿ ಹೋಗುವ ನಿಂಗು, ಅದು ನಮ್ಮ ರೋಹುವಿನ ದಾಯಾದಿ, ಅದೂ ಕಮ್ಮಿಯಾಗಿತ್ತು. ಉಳಿದದ್ದು ಫುಲು. ಮುಳ್ಳು ಜಾಸ್ತಿ, ಮಾರಿದರೆ ಕಾಸಿಲ್ಲ, ಕಸದ ಮೀನು ಎಂದರು. ಈ ಕಸವನ್ನು ತಿಂದು ದಪ್ಪವಾಗುವ ಒಂದು ದೊಡ್ಡ ಮೀನು ಬಿಟ್ಟರೆ ಹೇಗೆ ಎಂದು ಯೋಚಿಸಿದರು. ನೈಲ್ ಪರ್ಚ್ ಸಿಕ್ಕಿತು. ಎರಡು ಮೀಟರ್ ಉದ್ದ, 200 ಕಿಲೋ ತೂಕದವರೆಗೆ ಬೆಳೆಯುವ ಬೇಟೆಗಾರ. ಪಕ್ಕದ ಆಲ್ಬರ್ಟ್ ಸರೋವರದಲ್ಲಿ ಇತ್ತು, ಇಲ್ಲಿ ಇರಲಿಲ್ಲ, ಯಾಕೆಂದರೆ ನಡುವೆ ಜಲಪಾತಗಳಿದ್ದವು. ಜಲಪಾತ ಸಾವಿರಾರು ವರ್ಷ ತಡೆದದ್ದನ್ನು ಮನುಷ್ಯ ಒಂದು ಬಕೀಟಿನಲ್ಲಿ ದಾಟಿಸಿದ. 1954ರಲ್ಲಿ, ಉಗಾಂಡಾದ ಕಡೆ, ಸದ್ದಿಲ್ಲದೆ.

1960ರಲ್ಲಿ ಜೆಫ್ರಿ ಫ್ರೈಯರ್ ಎಂಬ ಜೀವವಿಜ್ಞಾನಿ ಬೇಡ ಎಂದು ಬರೆದರು. ದೊಡ್ಡ ಮೀನು ಒಂದು ಕಿಲೋ ತೂಗಬೇಕಾದರೆ ಹಲವು ಕಿಲೋ ಸಣ್ಣ ಮೀನು ಅದರ ಹೊಟ್ಟೆಗೆ ಹೋಗಬೇಕು. ಹತ್ತು ರೂಪಾಯಿ ಕೊಟ್ಟು ಒಂದು ರೂಪಾಯಿ ತರುವ ಲೆಕ್ಕ ಅದು. ಆದರೆ ಎರಡು ಮೂರು ವರ್ಷದಲ್ಲಿ, 1962–63ರ ಹೊತ್ತಿಗೆ, ಅಧಿಕೃತವಾಗಿಯೇ ಮತ್ತಷ್ಟು ಪರ್ಚ್ ಬಿಟ್ಟರು.

ಇಲ್ಲಿಂದ ಮುಂದಿನದು ನೀನು ನಿಧಾನವಾಗಿ ಓದಬೇಕಾದ್ದು. ಮೊದಲ ಇಪ್ಪತ್ತು ವರ್ಷ ಏನೂ ಆಗಲಿಲ್ಲ. ಬಲೆಗೆ ಅಲ್ಲೊಂದು ಇಲ್ಲೊಂದು ಪರ್ಚ್ ಬೀಳುತ್ತಿತ್ತು, ಜನ ಖುಷಿಯಿಂದ ತಿನ್ನುತ್ತಿದ್ದರು. ಎಚ್ಚರಿಸಿದವರೇ ತಪ್ಪು ಎಂದು ಎಲ್ಲರಿಗೂ ಅನ್ನಿಸಿರಬೇಕು. 1977ರಲ್ಲಿ ನೆದರ್‌ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಸಂಶೋಧಕರು ತಾಂಜಾನಿಯಾದ ಮ್ವಾಂಝಾ ಕೊಲ್ಲಿಗೆ ಬಂದು ಈ ಪುಟ್ಟ ಮೀನುಗಳನ್ನು ಒಂದೊಂದಾಗಿ ಗುರುತಿಸತೊಡಗಿದರು. ಹೆಸರಿಡಲು ಕೂತವರ ಕಣ್ಣೆದುರೇ ಮೀನುಗಳು ಖಾಲಿಯಾದವು. 1980ರ ದಶಕದ ಕೆಲವೇ ವರ್ಷಗಳಲ್ಲಿ ಪರ್ಚ್ ಉಕ್ಕಿತು, ಫುಲು ಬಲೆಯಿಂದ ಮಾಯವಾಯಿತು. ಒಂದು ಕಾಲಕ್ಕೆ ಈ ನೀರಿನ ಮೀನಿನ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲು ಇದ್ದವು ನೂರಕ್ಕೆ ಒಂದು ಪಾಲಿಗೂ ಇಳಿದವು. ಸುಮಾರು 200 ಬಗೆ ಹೋಗಿಯೇ ಬಿಟ್ಟವು ಎಂದು ಲೆಕ್ಕ. ಅವುಗಳಲ್ಲಿ ಎಷ್ಟೋ ಮೀನಿಗೆ ಹೆಸರಿಡುವುದಕ್ಕೂ ಪುರುಸೊತ್ತಾಗಲಿಲ್ಲ. ಹೆಸರಿಲ್ಲದೆ ಹೋದವು ಅನ್ನುವುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಮೀನು ಹೋದರೆ ಅಲ್ಲಿಗೆ ಮುಗಿಯಿತಾ? ಪಾಚಿ ಮತ್ತು ಕೊಳೆ ತಿನ್ನುತ್ತಿದ್ದ ಬಾಯಿಗಳು ಹೋದವು. ಅದೇ ಹೊತ್ತಿಗೆ ದಂಡೆಯ ಹೊಲಗಳಿಂದ, ಊರುಗಳಿಂದ ಗೊಬ್ಬರ, ಕೊಳಚೆ ಬಂದು ಬೀಳುತ್ತಿತ್ತು. ನೀರು ಹಸಿರಾಯಿತು. ಪಾಚಿ ಸತ್ತು ತಳಕ್ಕಿಳಿದು ಕೊಳೆತು ಆಳದ ನೀರಿನ ಉಸಿರು ತಿಂದಿತು. ಈಗಲೂ ಆಳದಲ್ಲಿ ಎಷ್ಟೋ ಕಡೆ ಮೀನು ಬದುಕುವಷ್ಟು ಆಮ್ಲಜನಕವಿಲ್ಲ. ಎಲ್ಲ ತಪ್ಪನ್ನೂ ಪರ್ಚ್ ತಲೆಗೆ ಕಟ್ಟುವುದು ನ್ಯಾಯವಲ್ಲ, ಅದು ನನಗೂ ಗೊತ್ತು. ಆದರೆ ಗಾಯವಾದ ಮೈಗೆ ನಂಜು ಏರಿಸಿದ್ದು ಅದು.

ದುಡ್ಡು ಬರಲಿಲ್ಲವೇ ಎಂದು ನೀನು ಕೇಳುತ್ತೀ. ಬಂತು. ಸುಳ್ಳು ಹೇಳುವುದಿಲ್ಲ. ದಂಡೆಗೆ ಕಾರ್ಖಾನೆಗಳು ಬಂದವು, ಪರ್ಚಿನ ಬಿಳಿ ಮಾಂಸ ಹಿಮದ ಪೆಟ್ಟಿಗೆಯಲ್ಲಿ ಯುರೋಪಿಗೆ ಹಾರಿತು, ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಆದರೆ ಯಾರ ಕೈಗೆ ಎಷ್ಟು ಬಂತು ಎಂದು ಆ ಅಜ್ಜಿಯನ್ನು ಕೇಳಬೇಕು. ಅವಳ ತಾಯಿ ಫುಲುವನ್ನು ಬಿಸಿಲಿಗೆ ಒಣಗಿಸಿ ಸಂತೆಯಲ್ಲಿ ಮಾರುತ್ತಿದ್ದಳಂತೆ. ಬಂಡವಾಳ ಬೇಡ, ಬಿಸಿಲು ಸಾಕು. ಪರ್ಚ್ ಜಿಡ್ಡಿನ ಮೀನು, ಬಿಸಿಲಿಗೆ ಒಣಗುವುದಿಲ್ಲ, ಹೊಗೆ ಹಾಕಬೇಕು. ಹೊಗೆಗೆ ಸೌದೆ ಬೇಕು, ದಂಡೆಯ ಮರಗಳು ಹೋದವು. ದೊಡ್ಡ ಮೀನಿಗೆ ದೊಡ್ಡ ದೋಣಿ, ದೊಡ್ಡ ಬಲೆ, ದೊಡ್ಡ ಸಾಲ. ಹೆಂಗಸರ ವ್ಯಾಪಾರ ಕಾರ್ಖಾನೆಯ ಲಾರಿಯವರ ಪಾಲಾಯಿತು. ಮಾಂಸ ಕೊಯ್ದುಕೊಂಡ ಮೇಲೆ ಉಳಿಯುವ ತಲೆ, ಬೆನ್ನೆಲುಬು ಇಲ್ಲಿಯ ಬಡವರಿಗೆ. ಅದನ್ನು ಎಣ್ಣೆಯಲ್ಲಿ ಕರಿದು ಮಾರುತ್ತಾರೆ, ಮ್ಗೊಂಗೊ ವಾಝಿ ಎಂದು ಹೆಸರು, ಬರಿಬೆನ್ನು ಎಂದು ಹೇಳಬಹುದು. ಮೊದಲ ವರ್ಷ ನಾನು ಅದನ್ನು ಸಂತೆಯಲ್ಲಿ ನೋಡಿದಾಗ ಏನೆಂದೇ ತಿಳಿದಿರಲಿಲ್ಲ. ತಿಳಿದ ದಿನ ಮನೆಗೆ ಬಂದು ಊಟ ಮಾಡಲಾಗಲಿಲ್ಲ.

ಆ ಪರ್ಚೂ ಮೊದಲಿನಂತೆ ಉಳಿಯಲಿಲ್ಲ. ಫುಲು ಮುಗಿದ ಮೇಲೆ ಅದು ಸೀಗಡಿ ತಿಂದಿತು, ಒಮೆನಾ ಎಂಬ ಬೆಳ್ಳಿಯ ಸಣ್ಣ ಮೀನು ತಿಂದಿತು, ತನ್ನ ಮರಿಗಳನ್ನೂ ತಿಂದಿತು. ಜನ ಮುಗಿಬಿದ್ದು ಹಿಡಿದಂತೆಲ್ಲ ಸಣ್ಣ ಸಣ್ಣ ಗಾತ್ರದ್ದೇ ಸಿಗತೊಡಗಿತು. ಪರ್ಚ್ ಕಮ್ಮಿಯಾದ ಕಡೆ ಕೆಲವು ಬಗೆಯ ಫುಲು ಮತ್ತೆ ತಲೆಯೆತ್ತಿವೆ ಎಂಬುದೊಂದು ಸಮಾಧಾನ. ಆದರೆ ಅಜ್ಜಿಗೆ ಅವುಗಳ ಹೆಸರು ಗೊತ್ತಿಲ್ಲ, ಅವಳ ಮೊಮ್ಮಕ್ಕಳಿಗೆ ಅವುಗಳ ರುಚಿ ಗೊತ್ತಿಲ್ಲ. ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಒಮೆನಾ ಹಿಡಿಯುವವರು ದೀಪ ಹಚ್ಚಿಕೊಂಡು ಹೋಗುತ್ತಾರೆ. ನೀರಿನ ಮೇಲೆ ಒಂದು ಊರೇ ಎದ್ದಂತೆ ಕಾಣುತ್ತದೆ. ನೀನು ಬಂದರೆ ತೋರಿಸಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೇನೆ.

ನಮ್ಮ ಕೆರೆಗೆ ಬರುತ್ತೇನೆ. ‘ಅಷ್ಟು ದೊಡ್ಡ ಕಡಲಿನ ಕಥೆ ಹೇಳಿ ನಮ್ಮ ಮೂವತ್ತು ಎಕರೆ ಕೆರೆಗೆ ಹೆದರಿಸ್ತೀಯಾ?’ ಎಂದು ನೀನು ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಚಿಕ್ಕದಾದ್ದರಿಂದಲೇ ಹೆಚ್ಚು ಹೆದರಿಕೆ. ಕಡಲಲ್ಲಿ ಫುಲುವಿಗೆ ಬಂಡೆಗಳ ಸಂದು ಇತ್ತು, ಆಪುಹುಲ್ಲಿನ ಜವುಗು ಇತ್ತು, ಕೆಲವು ಅಡಗಿ ಉಳಿದವು. ನಮ್ಮ ಕೆರೆಯಲ್ಲಿ ಕೊರವ ಎಲ್ಲಿ ಅಡಗಬೇಕು?

ಮರಿ ಕೊಡುವ ಆ ದಲ್ಲಾಳಿ ನಿನಗೆ ಹೇಳಿದ್ದರಲ್ಲಿ ಅರ್ಧ ನಿಜ. ಬೇಗ ಬೆಳೆಯುತ್ತದೆ. ಏನು ಹಾಕಿದರೂ ತಿನ್ನುತ್ತದೆ, ಕೋಳಿ ಅಂಗಡಿಯ ಕರುಳು, ರೆಕ್ಕೆ, ಸತ್ತದ್ದು, ಬದುಕಿದ್ದು. ಅವನು ಹೇಳದೆ ಬಿಟ್ಟದ್ದು ಇನ್ನರ್ಧ. ಏನು ಹಾಕಿದರೂ ತಿನ್ನುವ ಮೀನು ಹಾಕದಿದ್ದನ್ನೂ ತಿನ್ನುತ್ತದೆ. ಕೊರವನ ಕೆಂಪು ಮರಿ, ಕಪ್ಪೆ, ಗೊದಮೊಟ್ಟೆ, ಏಡಿ, ಎಲ್ಲ. ಭರತಪುರದ ಕೇವಲಾದೇವ್ ಪಕ್ಷಿಧಾಮದ ಹೆಸರು ಕೇಳಿದ್ದೀಯಲ್ಲ, ದೇಶ ದೇಶದ ಹಕ್ಕಿ ಬರುವ ಜಾಗ. ಅಲ್ಲಿನ ನೀರಿಗೂ ಈ ಕ್ಯಾಟ್‌ಫಿಶ್ ಸೇರಿಕೊಂಡಿತು. ಒಂದರ ಹೊಟ್ಟೆಯಲ್ಲಿ ನೀರುಕೋಳಿ ಸಿಕ್ಕಿದ್ದನ್ನು 2009ರಲ್ಲಿ ಸಂಶೋಧಕರು ಬರೆದಿಟ್ಟಿದ್ದಾರೆ. ಹಕ್ಕಿ ಮೀನು ತಿನ್ನುವುದು ಕೇಳಿದ್ದೆವು, ಇದು ತಿರುಗುಮುರುಗು. ಅಲ್ಲಿ ಸಾವಿರಾರು ಕ್ಯಾಟ್‌ಫಿಶ್ ಹಿಡಿದು ತೆಗೆದರೂ ಬೇರು ಕೀಳುವುದು ಕಷ್ಟವಾಗಿದೆ. ನಮ್ಮ ಕೆರೆಯ ಕಮಲದೆಲೆಗಳ ಮೇಲೆ ಮರಿ ಕಟ್ಟಿಕೊಂಡು ನಡೆಯುವ ಹಕ್ಕಿಗಳನ್ನು ನೆನೆಸಿಕೋ.

ಇನ್ನೊಂದು ವಿಷಯ ಅವನು ಖಂಡಿತ ಹೇಳಿರುವುದಿಲ್ಲ. ಈ ಮೀನು ನಮ್ಮ ದೇಶಕ್ಕೆ ಬಂದದ್ದೇ ಕಳ್ಳದಾರಿಯಲ್ಲಿ, 1990ರ ದಶಕದಲ್ಲಿ ಬಾಂಗ್ಲಾದೇಶದ ಕಡೆಯಿಂದ. ಕೇಂದ್ರ ಸರ್ಕಾರ 2000ದಲ್ಲೇ ಇದರ ಸಾಕಣೆ ನಿಷೇಧಿಸಿದೆ. ನಾಳೆ ಯಾರಾದರೂ ಬಂದು ಕೇಳಿದರೆ ಗುತ್ತಿಗೆ ಕಾಗದದಲ್ಲಿ ಇರುವುದು ನಿನ್ನ ಹೆಸರು, ನಿನ್ನ ನಾಲ್ವರು ಗೆಳೆಯರ ಹೆಸರು. ಮರಿ ಕೊಟ್ಟವನ ಹೆಸರಲ್ಲ.

‘ಬೇಸಿಗೆಗೆ ಕೆರೆ ಬತ್ತಿದರೆ ಎಲ್ಲ ಹಿಡಿದು ಮುಗಿಸ್ತೀವಿ’ ಅಂದೆ. ಅಪ್ಪನ ಕೂಣಿಗೆ ಸಿಕ್ಕಿದ ಮುರುಗೋಡು ಎಷ್ಟು ಹೊತ್ತು ಕೆಸರಿನಲ್ಲಿ ಬದುಕಿರುತ್ತಿತ್ತು, ನೆನಪು ಮಾಡಿಕೋ. ಇದೂ ಅದರ ಕುಲವೇ. ಕಿವಿರಿನ ಮೇಲೆ ಹೂಕೋಸಿನಂಥ ಒಂದು ಅಂಗವಿದೆ, ಅದರಿಂದ ನೇರ ಗಾಳಿ ಉಸಿರಾಡುತ್ತದೆ. ನೆಲ ಒದ್ದೆಯಾಗಿದ್ದರೆ ರೆಕ್ಕೆ ಊರಿಕೊಂಡು ತೆವಳಿ ಪಕ್ಕದ ಹೊಂಡಕ್ಕೆ ಹೋಗುತ್ತದೆ. ಒಂದು ದೊಡ್ಡ ಹೆಣ್ಣು ಒಂದೇ ಸಲಕ್ಕೆ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ನೀನು ಸಾವಿರ ಹಿಡಿದು ಎರಡು ಬಿಟ್ಟರೂ ಸಾಕು.

‘ಹಾಗಾದರೆ ತೋಟದಲ್ಲಿ ತೊಟ್ಟಿ ಕಟ್ಟಿ ಸಾಕ್ತೀವಿ, ಕೆರೆಗೆ ಬಿಡಲ್ಲ’ ಎಂದು ನಿನ್ನ ಗೆಳೆಯರು ಅನ್ನಬಹುದು. ಹಿಮಾಚಲ ಪ್ರದೇಶದಲ್ಲಿ ಭಾಕ್ರಾ ಅಣೆಕಟ್ಟಿನ ಹಿಂದೆ ಗೋಬಿಂದ್ ಸಾಗರ ಇದೆ. 1971ರಲ್ಲಿ ಒಂದು ಪ್ರವಾಹ ಬಂದು ಮೀನು ಸಾಕಣೆ ಕೇಂದ್ರದಲ್ಲಿದ್ದ ಚೀನಾದ ಬೆಳ್ಳಿಗೆಂಡೆ ಅದರೊಳಗೆ ಹೋಯಿತು. ಯಾರೂ ಬಿಡಲಿಲ್ಲ, ನೀರೇ ಬಿಟ್ಟಿತು. ಆಮೇಲೆ ಅದು ಅಲ್ಲೇ ವಂಶ ಬೆಳೆಸಿ ಕಾಟ್ಲಾವನ್ನು ಹಿಂದೆ ತಳ್ಳಿ ತಾನೇ ಯಜಮಾನನಾಯಿತು. ನಮ್ಮ ಕಡೆಯ ಜುಲೈ ಮಳೆಗೆ ಯಾವ ತೊಟ್ಟಿ ನಿಲ್ಲುತ್ತದೆ ಹೇಳು. ಗದ್ದೆ, ತೋಟ, ಕೆರೆ, ರಸ್ತೆ ಎಲ್ಲ ಒಂದೇ ನೀರಾಗುವ ಊರು ನಮ್ಮದು.

ನಿನ್ನ ಕೆರೆಯ ಕೋಡಿಯನ್ನು ಒಂದು ಸಲ ಹೋಗಿ ನೋಡಿ ಬಾ. ಕೋಡಿ ಬಿದ್ದ ನೀರು ಹಳ್ಳಕ್ಕೆ, ಹಳ್ಳದಿಂದ ದಂಡಾವತಿಗೆ, ದಂಡಾವತಿಯಿಂದ ವರದೆಗೆ, ಅಲ್ಲಿಂದ ತುಂಗಭದ್ರೆಗೆ. ಐದು ವರ್ಷಕ್ಕೆ ನಿನಗೆ ಗುತ್ತಿಗೆ ಸಿಕ್ಕಿರುವುದು ಏರಿಯ ಒಳಗಿನ ನೀರು ಮಾತ್ರ. ಮೀನಿಗೆ ಆ ಕಾಗದ ಓದಲು ಬರುವುದಿಲ್ಲ.

ನೀನು ಜಾಣ, ಒಂದು ಪ್ರಶ್ನೆ ಕೇಳಿಯೇ ಕೇಳುತ್ತೀ. ಕಾಟ್ಲಾ, ರೋಹು, ಮೃಗಾಲ್ ನಮ್ಮೂರಿನವಾ? ಅಲ್ಲ. ಅವು ಗಂಗೆಯ ಕಡೆಯ ಮೀನುಗಳು. ಇಲಾಖೆಯೇ ತಂದು ನಮ್ಮ ಕೆರೆಗಳಿಗೆ ಬಿಟ್ಟದ್ದು. ಅವೂ ಜಾಗ ತಿನ್ನುತ್ತವೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಅವು ಮೊಟ್ಟೆ ಇಡಲು ಹರಿಯುವ ಹೊಳೆಯ ಸೆಳೆತ ಬೇಕು, ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. ಅದಕ್ಕೇ ವರ್ಷ ವರ್ಷ ಮರಿ ತಂದು ಬಿಡಬೇಕು. ಬೇಡ ಅನ್ನಿಸಿದ ವರ್ಷ ನಿಲ್ಲಿಸಬಹುದು, ಕೆರೆ ತನ್ನಷ್ಟಕ್ಕೆ ಹಳೆಯ ಸ್ಥಿತಿಯ ಕಡೆ ಹೊರಳಬಹುದು. ಕ್ಯಾಟ್‌ಫಿಶ್ ಹಾಗಲ್ಲ, ಜಿಲೇಬಿ ಮೀನು ಹಾಗಲ್ಲ, ಕೆಸರು ಕೆದಕಿ ನೀರು ರಾಡಿ ಮಾಡುವ ಸಾಮಾನ್ಯ ಗೆಂಡೆಯೂ ಹಾಗಲ್ಲ. ಅವು ಕೆರೆಯಲ್ಲೇ ಮನೆ ಕಟ್ಟುತ್ತವೆ. ನಾನು ಕೇಳುವುದು ಇಷ್ಟೇ ಅಪ್ಪಿ: ವಾಪಸು ಕರೆಯಲಾಗದ್ದನ್ನು ಬಿಡಬೇಡ.

ಕೆಟ್ಟ ಮನಸ್ಸಿನವರು ಇದನ್ನೆಲ್ಲ ಮಾಡಿದ್ದರೆ ನನಗೆ ಇಷ್ಟು ನೋವಿರುತ್ತಿರಲಿಲ್ಲ. ಬೆಂಗಳೂರಿಗೆ 1928ರಲ್ಲಿ ಇಟಲಿಯಿಂದ ಗಂಬೂಸಿಯ ಮೀನು ತಂದದ್ದು ಮಲೇರಿಯಾದಿಂದ ಮಕ್ಕಳು ಸಾಯದಿರಲಿ ಎಂದು. ಅಲ್ಲಿಂದ ಅದು ಎಲ್ಲೆಲ್ಲಿಗೋ ಹಬ್ಬಿತು. ಸೊಳ್ಳೆಮರಿಯ ಜೊತೆಗೆ ಮೀನಿನ ಮೊಟ್ಟೆ, ಗೊದಮೊಟ್ಟೆಗಳನ್ನೂ ತಿಂದಿತು. ಹಣೆಗೆ ಬೆಳ್ಳಿ ಬೊಟ್ಟು ಇಟ್ಟುಕೊಂಡು ನೀರಿನ ಮೇಲ್ಪದರದಲ್ಲೇ ಓಡಾಡುವ ನಮ್ಮದೇ ಪುಟ್ಟ ಮೀನು ಅದೇ ಸೊಳ್ಳೆಮರಿ ತಿನ್ನುತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ. ಕಾವೇರಿಯ ಕಥೆ ಇನ್ನೂ ಹತ್ತಿರದ್ದು. ಬಿಳಿಮೀನು, ಅಂದರೆ ಮಹಶೀರ್, ಕಮ್ಮಿಯಾಗುತ್ತಿದೆ ಎಂದು ಕಳಕಳಿಯಿಂದಲೇ ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ವರ್ಷಗಟ್ಟಲೆ ಹೊಳೆಗೆ ಬಿಟ್ಟರು. ಕಾವೇರಿಯದು ಬೇರೆಯದೇ ಮೀನು, ಬೆನ್ನಿನಲ್ಲಿ ಗೂನು, ಕಿತ್ತಳೆ ಬಣ್ಣದ ರೆಕ್ಕೆ, ಇಡೀ ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವುದು. ಅದರ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರಾ ಅಂಚಿಗೆ ಬಂದ ಜೀವಿಗಳ ಪಟ್ಟಿಗೂ ಸೇರಿತು. ಮೀನು ಉಳಿಸಲು ಹೋದವರು ಮೀನನ್ನೇ ಬಿಟ್ಟು, ಅದೇ ಮೀನಿಗೆ ಕುತ್ತು ತಂದರು.

ನಿನಗೆ ಸಾಲ ಇದೆ ಅನ್ನುವುದು ನನಗೆ ಗೊತ್ತು. ಅಡಿಕೆ ಕೊಳೆರೋಗದಲ್ಲಿ ಹೋದ ವರ್ಷ ನೀನು ಎಷ್ಟು ಕುಗ್ಗಿದ್ದೆ ಅನ್ನುವುದೂ ಗೊತ್ತು. ಬರೀ ಬೇಡ ಬೇಡ ಎಂದು ಬರೆದು ಮುಗಿಸಿದರೆ ಅದು ಅಕ್ಕನ ಮಾತಲ್ಲ. ನಿಮ್ಮ ಭಾವ ಮತ್ತು ನಾನು ಕೂತು ಮಾತಾಡಿದ್ದೇವೆ. ಮೊದಲ ವರ್ಷದ ಮರಿಯ ಖರ್ಚು ನಮ್ಮದು. ಬಿ.ಆರ್. ಪ್ರಾಜೆಕ್ಟಿನ ಮೀನುಮರಿ ಕೇಂದ್ರಕ್ಕೆ ನೀನೇ ಹೋಗು, ದಲ್ಲಾಳಿ ಬೇಡ. ಚುಕ್ಕೆಯಂಥ ಮರಿ ತಂದರೆ ಅರ್ಧ ಸಾಯುತ್ತವೆ, ಬೆರಳುದ್ದದ್ದೇ ಕೇಳು. ಕಾಟ್ಲಾ, ರೋಹು ಮಿತವಾಗಿ ಬಿಡು. ಏರಿಯ ಕೆಳಗೆ ನಮ್ಮ ಹಳೇ ಗದ್ದೆಯ ಮೂಲೆಯಲ್ಲಿ ಹೊಂಡ ತೆಗೆದು ಕೊರವ ಸಾಕುವುದನ್ನು ಕಲಿ. ಜೀವಂತ ಕೊರವಕ್ಕೆ ಯಾವಾಗಲೂ ಬೆಲೆ ಇದೆ, ಅದು ತಪ್ಪಿಸಿಕೊಂಡು ಕೆರೆಗೆ ಹೋದರೆ ಮನೆಗೇ ಹೋದಂತೆ. ಮರಿ ಸಾಕುವ ಕಾಲದಲ್ಲಿ ತೂಬಿನ ಹತ್ತಿರ ಬಲೆ ಹಾಕಬೇಡಿ ಎಂದು ನಿನ್ನ ಗೆಳೆಯರಿಗೆ ಅಪ್ಪನ ಮಾತು ಹೇಳು. ಕ್ಯಾಟ್‌ಫಿಶ್ಶಿನಷ್ಟು ಬೇಗ ಕಾಸು ಬರುವುದಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಐದು ವರ್ಷದ ಮೇಲೆ ಕೆರೆಯನ್ನು ಇನ್ನೊಬ್ಬರ ಕೈಗೆ ಕೊಡುವಾಗ ಅದರಲ್ಲಿ ಕೈ ಹಾಕಿ ಹೆಸರು ಹೇಳುವಷ್ಟು ಬಗೆಯ ಮೀನಿರಬೇಕು.

ಮರಿ ಈಗಾಗಲೇ ತಂದಾಗಿದ್ದರೆ, ಯಾರಿಗೂ ಹೆದರಬೇಡ, ನಾಚಬೇಡ, ಕೆರೆಗೆ ಮಾತ್ರ ಸುರಿಯಬೇಡ. ಮೀನುಗಾರಿಕೆ ಇಲಾಖೆಯವರಿಗೆ ತಿಳಿಸು. ಆ ದುಡ್ಡು ಹೋದರೆ ಹೋಗಲಿ, ಅದನ್ನೂ ನಾನೇ ಕಳಿಸುತ್ತೇನೆ.

ಏಪ್ರಿಲ್‌ನಲ್ಲಿ ಬರುತ್ತೇವೆ. ಈ ಸಲ ಕೆರೆಬೇಟೆ ಇದ್ದರೆ ದಿನ ಮೊದಲೇ ಹೇಳು, ಅದಕ್ಕೆ ಸರಿಯಾಗಿ ಟಿಕೆಟ್ ಮಾಡಿಸುತ್ತೇವೆ. ಅಪ್ಪನ ಕೂಣಿ ಅಟ್ಟದ ಮೇಲೆ ಇದೆಯಲ್ಲ, ಬಿದಿರು ಹುಳ ಹಿಡಿಯದ ಹಾಗೆ ಒಮ್ಮೆ ಇಳಿಸಿ ಬಿಸಿಲಿಗಿಡು.

ನಿನ್ನ
ಅಕ್ಕ

ಪುಟ್ಟಿಗೆ ಒಂದು ಮಾತು, ಮರೆತಿದ್ದೆ: ಶಿವಮೊಗ್ಗದ ಮನೆ ಖಾಲಿ ಮಾಡುವಾಗ ಗಾಜಿನ ತೊಟ್ಟಿಯ ಮೀನುಗಳನ್ನು ಊರ ಕೆರೆಗೆ ಬಿಟ್ಟು ಸ್ವಾತಂತ್ರ್ಯ ಕೊಡುತ್ತೇನೆ ಎಂದು ಅವಳು ಹೇಳುತ್ತಿದ್ದಳು. ಎಷ್ಟು ಒಳ್ಳೆಯ ಮನಸ್ಸು ಅವಳದು. ಆದರೆ ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರುವ ಆ ಕಪ್ಪು ಗೀರಿನ ಮೀನು ದಕ್ಷಿಣ ಅಮೆರಿಕದ್ದು. ಅದರ ಮೈಯೆಲ್ಲ ಗಟ್ಟಿ ಕವಚ, ಬಲೆ ಹರಿಯುತ್ತದೆ, ಗಂಡು ಮೀನು ಮೊಟ್ಟೆಗಾಗಿ ದಡದ ಮಣ್ಣಿನಲ್ಲಿ ಬಿಲ ತೋಡುತ್ತದೆ. ನಮ್ಮ ಏರಿ ಮಣ್ಣಿನದು ಎಂದು ಅವಳಿಗೆ ಹೇಳು. ತೊಟ್ಟಿ ಇಟ್ಟುಕೊಳ್ಳುವ ಗೆಳತಿ ಯಾರಾದರೂ ಸಿಕ್ಕೇ ಸಿಗುತ್ತಾರೆ, ಇಲ್ಲವಾದರೆ ಕೊಂಡ ಅಂಗಡಿಗೇ ಕೊಡಲಿ. ಅಲ್ಲಿಯವರೆಗೆ ಮೀನಿಗೆ ಊಟ ಹಾಕುವುದನ್ನು ಮರೆಯದಿರಲಿ.